ಹಾರ ಹಾಕಿಸಿಕೊಂಡ ಕಂಪ್ಯೂಟರು

ನಾನು ಹೂವು ಕಟ್ಟಿ ಮಾರುವವಳು. ಲಷ್ಕರ್ ಮೊಹಲ್ಲಾದಲ್ಲಿ ನಮ್ಮ ಮನೆಯ ಜಗುಲಿಯೇ ನನ್ನ ಅಂಗಡಿ. ಓದು ಅಂದರೆ ಅಕ್ಷರ ಕೂಡಿಸಿ ಬಸ್ಸಿನ ಬೋರ್ಡು ಓದುವಷ್ಟು. ಮೊಮ್ಮಗಳ ಕಾಲೇಜಿನ ವಿಷಯಕ್ಕೆ ನಾನು ತಲೆ ಹಾಕಿದ್ದು ಒಂದೇ ಸಲ. ಈಗ ಆ ಕಾಲೇಜಿನ ಗೇಟು ಕಂಡರೂ ಬಾಯಿ ಕಹಿಯಾಗುತ್ತದೆ.

ಅವಳು ನನ್ನ ಮಗಳ ಮಗಳು, ನನ್ನ ಜೊತೆಗೇ ಇರುವವಳು. ಬಿ.ಎ. ಕೊನೆಯ ವರ್ಷ. ಪಾಸಾದರೆ ವಿಜಯನಗರದ ಒಂದು ಮಕ್ಕಳ ಶಾಲೆಯವರು ಕೆಲಸಕ್ಕೆ ಬಾ ಎಂದಿದ್ದರು. ಪರೀಕ್ಷೆ ಹತ್ತಿರ ಬಂದಾಗ ಒಂದು ಸಂಜೆ ಮೊಬೈಲು ಹಿಡಿದುಕೊಂಡು ಗೋಡೆಗೆ ಒರಗಿ ಅಳುತ್ತಿದ್ದಳು.

ಡಿಗ್ರಿಗೆ ಏನೇನು ಮುಗಿಸಬೇಕೋ ಅದೆಲ್ಲ ಆ ಮೊಬೈಲಿನಲ್ಲಿ ಕಾಣುತ್ತದಂತೆ. ಕಾಲೇಜಿನವರು ಕಂಪ್ಯೂಟರಿಗೆ ಹಾಕುತ್ತಾರೆ, ಮುಗಿದದ್ದಕ್ಕೆ ಹಸಿರು ಗುರುತು ಬೀಳುತ್ತದೆ. ಇವಳಿಗೆ ಎಲ್ಲ ಹಸಿರು, ಒಂದು ಮಾತ್ರ ಕೆಂಪು.

"ಯೋಗದ್ದು ಕಣಜ್ಜಿ. ಮುಗಿಸಿಲ್ಲ ಅಂತ ತೋರಿಸ್ತಿದೆ. ಹಸಿರಾಗ್ದಿದ್ರೆ ಹಾಲ್ ಟಿಕೆಟ್ಟೇ ಬರಲ್ಲ. ಒಂದು ವರ್ಷ ಹೋಯ್ತು."

"ನೀನು ಚಕ್ಕರ್ ಹೊಡೆದ್ಯಾ?"

"ಚಿಕೂನ್‌ಗುನ್ಯ ಬಂದು ಮಲಗಿದ್ನಲ್ಲ, ಆಗ ಕ್ಲಾಸಿನೋರ ಜೊತೆ ಯೋಗದ ಪರೀಕ್ಷೆ ತಪ್ಪೋಯ್ತು. ಆಮೇಲೆ ಯೋಗದ ಮೇಡಂ ದಸರಾಕ್ಕೆ ಮುಂಚೆ ನನ್ನೊಬ್ಬಳಿಗೇ ಪರೀಕ್ಷೆ ಮಾಡಿದ್ರು. ಮಂಡಿ ನೋವಿಟ್ಕೊಂಡೇ ಎಲ್ಲಾ ಆಸನ ಹಾಕಿದೀನಿ ಕಣಜ್ಜಿ!"

ದಸರಾಕ್ಕೆ ಮುಂಚೆ ಎಂದಾಗ ನನಗೆ ಥಟ್ಟನೆ ನೆನಪಾಯಿತು. ಆ ಕಾಲೇಜಿನ ಕಚೇರಿಗೆ ಆಯುಧಪೂಜೆಯ ಹೂವು ಕೊಡುವವಳು ನಾನೇ. ಹಬ್ಬದ ದಿನ ರಜ, ಆದ್ದರಿಂದ ಹಿಂದಿನ ದಿನವೇ ಅಲ್ಲಿ ಪೂಜೆ ಮುಗಿಸುತ್ತಾರೆ. ಹೋದ ದಸರಾದಲ್ಲಿ ನಾನು ಚೆಂಡುಹೂವಿನ ಹಾರ ಒಯ್ದಾಗ ಅಲ್ಲಿಯ ಗುಮಾಸ್ತ ಪಂಚೆ ಉಟ್ಟುಕೊಂಡು ಕಂಪ್ಯೂಟರಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ನನ್ನ ಕೈಯಿಂದಲೇ ಹಾರ ಇಸಿದುಕೊಂಡು ಅದರ ಕೊರಳಿಗೆ ಹಾಕಿದ. ಬೂದುಗುಂಬಳ ಒಡೆದರು. ಅಷ್ಟರಲ್ಲಿ ಒಬ್ಬಳು ಮೇಡಂ ಏದುಸಿರು ಬಿಡುತ್ತಾ ಬಂದಳು.

"ಸರ್, ಒಂದು ಹುಡುಗೀದು ಯೋಗದ ಮಾರ್ಕ್ಸ್ ಹಾಕೋದಿದೆ. ಇವತ್ತೇ ಕೊನೇ ದಿನ, ರಾತ್ರಿಗೆ ಮುಚ್ಚೋಗುತ್ತೆ. ಐದೇ ನಿಮಿಷ."

"ಪೂಜೆ ಆಗ್ಬುಡ್ತಲ್ಲ ಮೇಡಂ. ಪೂಜೆಗಿಟ್ಟಿದ್ದನ್ನ ವಿಜಯದಶಮಿವರೆಗೂ ಮುಟ್ಟಂಗಿಲ್ಲ. ಹಬ್ಬ ಮುಗಿಸ್ಕೊಂಡು ಬನ್ನಿ, ನಾನೇ ಹಾಕ್ಕೊಡ್ತೀನಿ. ಪುರಿ ತಗೊಳಿ."

ಅವಳ ಕೈಗೆ ಕಡಲೆಪುರಿ ಸುರಿದು ಕಳಿಸಿದ. ಆ ಹುಡುಗಿ ನಮ್ಮವಳೇ ಎಂದು ನನಗೇನು ಗೊತ್ತು? ಮನೆಯಲ್ಲಿ ಕಟ್ಟುವ ಹೂವು ರಾಶಿ ಬಿದ್ದಿತ್ತು, ಬಂದುಬಿಟ್ಟೆ.

ಮಾರನೆಯ ದಿನ ಮೊಮ್ಮಗಳನ್ನು ಎಳೆದುಕೊಂಡು ಹೋದೆ. ಆ ಮೇಡಂ ಕೆಲಸ ಬಿಟ್ಟು ಹೋಗಿಯಾಗಿತ್ತು. ಗುಮಾಸ್ತ ಬೋಂಡ ತಿನ್ನುತ್ತಿದ್ದ. ಕಂಪ್ಯೂಟರಿನ ಅಂಚಿನಲ್ಲಿ ಹಬ್ಬದ ಕುಂಕುಮ ಇನ್ನೂ ಒಣಗಿ ಅಂಟಿಕೊಂಡಿತ್ತು. ಒರೆಸುವಷ್ಟು ಭಕ್ತಿ ಯಾರಿಗೂ ಇರಲಿಲ್ಲ.

"ಕೊನೇ ದಿನ ದಾಟಿ ಮುಚ್ಚೋಗಿದೆ, ಸಿಸ್ಟಂ ತಗೊಳ್ತಿಲ್ಲ ಅಜ್ಜಿ," ಎಂದ. "ಇವಳೇ ಆಗಾಗ ನೋಡ್ಕೋಬೇಕಿತ್ತು. ಈಗಿನ ಮಕ್ಕಳಿಗೆ ಜವಾಬ್ದಾರಿ ಇಲ್ಲ."

"ಮೇಡಂ ಬಂದಾಗ ಮುಟ್ಟಂಗಿಲ್ಲ ಅಂದೋರು ಯಾರು ಸ್ವಾಮಿ? ಹಾರ ತಂದವಳು ನಾನು. ಅಲ್ಲೇ ನಿಂತಿದ್ದೆ."

ಅವನ ಬಾಯಿ ಆಡುವುದು ನಿಂತಿತು. ಆಮೇಲೆ ಬೋಂಡ ನುಂಗಿ, "ದೇವರ ವಿಷಯದಲ್ಲಿ ಅಂಗೆಲ್ಲಾ ಮಾತಾಡ್ಬಾರ್ದು ಕಣಮ್ಮ," ಎಂದ.

"ದೇವರನ್ನ ಯಾಕೆ ಎಳೀತೀರಿ? ದೇವರು ಬಂದು ಬೇಡ ಅಂದ್ನಾ?"

ಪಕ್ಕದ ಮೇಜಿನವರು ಕಿಸಕ್ಕನೆ ನಕ್ಕರು. ಅವನು ಎಣ್ಣೆ ಕೈಯಲ್ಲೇ ಮೌಸು ಹಿಡಿದು ಕುಟ್ಟತೊಡಗಿದ. ಮತ್ತೆ ತೆರೆಸಲು ದಾರಿ ಇದೆಯಂತೆ. ಆದರೆ ಯಾಕೆ ತಡವಾಯಿತು ಎಂದು ಕಾರಣ ಒತ್ತಬೇಕಂತೆ. ಮೊಮ್ಮಗಳು ಬಗ್ಗಿ ನೋಡಿದಳು. ವಿದ್ಯಾರ್ಥಿ ಗೈರುಹಾಜರಿ, ವಿದ್ಯಾರ್ಥಿಯ ನಿರ್ಲಕ್ಷ್ಯ. ಇದ್ದದ್ದು ಅವೆರಡೇ.

"ಆಫೀಸಿನೋರ ತಪ್ಪು ಅಂತ ಒತ್ತಿ," ಎಂದೆ.

"ಅದಕ್ಕೆ ಇದ್ರಲ್ಲಿ ಜಾಗಾನೇ ಇಲ್ಲ ಅಜ್ಜಿ. ಮೇಡಂ ಬರೆದಿಟ್ಟೋದ ಮಾರ್ಕ್ಸು ಫೈಲಲ್ಲಿದೆ. ಗೈರುಹಾಜರಿ ಅಂತ ಹಾಕಿ, ಈಗ ಎರಡನೇ ಅವಕಾಶ ಕೊಟ್ವಿ ಅಂತ ಮಾಡ್ತೀನಿ. ಅವಳು ಒಪ್ಕೊಂಡ್ರೆ ಇವತ್ತೇ ಹಸಿರು. ಇಲ್ದಿದ್ರೆ ಕಮಿಟಿಗೆ ಹೋಗುತ್ತೆ, ಅದು ಯಾವ ಕಾಲಕ್ಕೋ."

ಸುಳ್ಳು ಹೇಳಿದರೆ ಇವತ್ತೇ, ನಿಜ ಹೇಳಿದರೆ ಯಾವ ಕಾಲಕ್ಕೋ. ನನ್ನ ಮೈ ಉರಿದುಹೋಯಿತು. ಬೇಡ ಅನ್ನು ಎಂದು ಅವಳ ರಟ್ಟೆ ಹಿಡಿದೆ. ಅವಳು ನನ್ನ ಕೈ ಬಿಡಿಸಿಕೊಂಡಳು.

"ಬುಡಜ್ಜಿ. ನಂಗೆ ಹಾಲ್ ಟಿಕೆಟ್ ಬೇಕು." ಅವನ ಕಡೆ ತಿರುಗಿ, "ಒಪ್ಕೊಂಡೆ ಸರ್, ಹಾಕಿ," ಎಂದಳು.

ಅವನು ಒತ್ತಿದ. ಕೆಂಪು ಹೋಗಿ ಹಸಿರು ಬಂತು. ನೋಡಿದ್ರಾ ಎಷ್ಟು ಸುಲಭ ಎನ್ನುವ ಹಾಗೆ ನನ್ನ ಮುಖ ನೋಡಿ ಹಲ್ಲು ಬಿಟ್ಟ. ಆ ಹಲ್ಲಿನ ಸಂದಿಯಲ್ಲಿದ್ದ ಬೋಂಡ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ.

ಹುಡುಗಿ ಪಾಸಾಗಿ ವಿಜಯನಗರದ ಶಾಲೆಗೆ ಹೋಗುತ್ತಿದ್ದಾಳೆ. ಅವಳ ಮಾರ್ಕ್ಸಿನ ಕಾಗದದಲ್ಲಿ ಮಾತ್ರ ಯೋಗದ ಮುಂದೆ ಗೈರುಹಾಜರಿ, ಎರಡನೇ ಅವಕಾಶ ಎಂದು ಅಚ್ಚಾಗಿದೆ. ಯಾರು ನೋಡ್ತಾರೆ ಎನ್ನುತ್ತಾಳೆ. ನಾನು ನೋಡುತ್ತೇನೆ.

ಈ ದಸರಾಕ್ಕೆ ಗುಮಾಸ್ತ ಸ್ಕೂಟರಿನಲ್ಲಿ ಜಗುಲಿಯ ಮುಂದೆ ಬಂದು ನಿಂತ.

"ಅಜ್ಜಿ, ಹೋದ ಸಲದಂಗೇ. ಕಂಪ್ಯೂಟರ್‌ಗೆ ಹಾರ."

"ಹೂವಿಲ್ಲ."

ನನ್ನ ಮುಂದೆ ಚೆಂಡುಹೂವು ಮಂಡಿಯೆತ್ತರ ರಾಶಿ ಬಿದ್ದಿತ್ತು. ಅವನು ಅದನ್ನೂ ನೋಡಿದ, ನನ್ನನ್ನೂ ನೋಡಿದ.

"ಮತ್ತೆ ಇದು?"

"ಆಟೋಗಳಿಗೆ. ಅವು ಹಾರ ಹಾಕುಸ್ಕೊಂಡ ಮೇಲೂ ಓಡ್ತವೆ," ಎಂದು ದಾರಕ್ಕೆ ಮುಂದಿನ ಹೂವು ಇಟ್ಟೆ.