ನೆವೆನಾ ಮನೆಗೆ ಬರಿಗೈಯಲ್ಲಿ ಬಂದವರು

ರೂಸೆ ಊರಿನಲ್ಲಿ ಹೂವಿನ ಭಾನುವಾರವೆಂದರೆ ಹೂವಿನ ಹೆಸರಿಟ್ಟುಕೊಂಡವರೆಲ್ಲರ ಹಬ್ಬ. ಕರೆಯದೆಯೇ ಜನ ಬರಬೇಕು, ಕೈಯಲ್ಲಿ ಏನಾದರೂ ತರಬೇಕು. ಬಂದವರನ್ನು ಹೊಸಿಲಿಂದಾಚೆ ಕಳಿಸಿದರೆ ಜನ್ಮದ ಹಗೆ. ನೆವೆನಾ ಎಂದರೂ ಒಂದು ಹೂವೇ, ಆದರೆ ಪ್ರತಿ ವರ್ಷ ಇಂಥ ದಿನವೇ ಅವಳ ಮನೆಗೆ ಬೀಗ!

ಟಿ.ವಿ.ಯಲ್ಲಿ ಸಂಜೆ ವಾರ್ತೆ ಓದುತ್ತಿದ್ದ ಕಾಲಕ್ಕೆ ಅವಳಿಗೂ ಈ ಹಬ್ಬವೆಂದರೆ ಪ್ರಾಣ. ಒಂದು ವರ್ಷ ತೋಳುದ್ದದ ಮೀನೊಂದು ಉಡುಗೊರೆ ಬಂತು. ಕಳಿಸಿದವನು ಹೊಳೆಗೆ ಕೊಳೆನೀರು ಬಿಡುತ್ತಿದ್ದ ಕಾರ್ಖಾನೆಯ ಯಜಮಾನ. ಮರುದಿನ ಅವನದೇ ಸುದ್ದಿ ಓದುವುದಿತ್ತು. ಪುಣ್ಯಾತ್ಮ, ಮೀನನ್ನಾದರೂ ಬೇರೆ ನೀರಿನಿಂದ ಹಿಡಿಸಿದ್ದನೋ ಇಲ್ಲವೋ! ನೆವೆನಾ ಮೀನನ್ನು ವಾಪಸ್ ಕಳಿಸಿದಳು, ಸುದ್ದಿಯನ್ನು ಓದಿಯೇ ಬಿಟ್ಟಳು. ಇವರದು ಬೇಕು, ಅವರದು ಬೇಡ ಎಂಬ ರಗಳೆಯೇ ಬೇಡವೆಂದು ಅಂದಿನಿಂದ ಹಬ್ಬದ ದಿನ ಅಕ್ಕನ ಊರಿನ ರೈಲು ಹತ್ತತೊಡಗಿದಳು. ಕಾಲೇಜಿನಲ್ಲಿ ಪತ್ರಕರ್ತರ ನೀತಿ ಕಲಿಸಲು ಸೇರಿದ ಮೇಲೂ ಅದೇ ಹಠ. ಅಂಕ ಹಾಕುವ ಕೈ ಉಡುಗೊರೆ ಹಿಡಿಯಬಾರದು.

ಈ ಸಲ ಮಂಡಿನೋವು ರೈಲು ಹತ್ತಲು ಬಿಡಲಿಲ್ಲ. ಹಬ್ಬದ ಅಡುಗೆಯೆಂದು ಮೀನಿಗೆ ಅಕ್ರೋಟು ತುಂಬಿ ಒಲೆಗಿಟ್ಟಳು, ಒಬ್ಬಳಿಗಲ್ಲ, ಒಂದು ಪಂಕ್ತಿಗಾಗುವಷ್ಟು. ಯಾರಾದರೂ ಬರಲಪ್ಪಾ ಎಂದು ಜೀವ ಹಾತೊರೆಯುತ್ತಿತ್ತು. ಆದರೆ ಉಡುಗೊರೆ ತಂದರೆ ಹೊರಗೇ ನಿಲ್ಲಿಸಬೇಕಲ್ಲ!

ಕರೆಗಂಟೆ ಬಡಿಯಿತು. ಬಾಗಿಲಲ್ಲಿ ಅವಳ ವಿದ್ಯಾರ್ಥಿಗಳ ಹಿಂಡು, ಎಲ್ಲರೂ ಅಂಗೈ ಚಾಚಿಕೊಂಡು.

“ಖಾಲಿ ಕೈ ಮೇಡಂ! ಬೇಕಾದ್ರೆ ಜೇಬೂ ಜಾಡಿಸ್ತೀವಿ,” ಅಂದ ಬೋಯ್ಕೊ.

“ಬರಿಗೈಲಿ ಬಂದಿದೀವಿ ಅಂತ ಗೊತ್ತಾದ್ರೆ ನಮ್ಮಜ್ಜಿ ಚರ್ಮ ಸುಲೀತಾಳೆ,” ಅಂದಳು ಕಲಿನಾ.

ನೆವೆನಾಳಿಗೆ ಕಣ್ಣು ತುಂಬಿ ಬಂತು. “ಒಳಗೆ ಬನ್ರೋ, ಮಾನಗೆಟ್ಟವರಾ!”

ಹೊಗೆಯಾಡುವ ಮೀನು ಮೇಜಿಗೆ ಬಂತು. ಒಬ್ಬರೂ ಮುಟ್ಟಲಿಲ್ಲ. ಕಲಿನಾ ಮೆಲ್ಲಗೆ ಬಾಯಿಬಿಟ್ಟಳು.

“ಮೇಡಂ, ನಿಮ್ಮ ಪಾಠ ಹೇಗಿದೆ ಅಂತ ನಾಳೆ ನಾವು ಕಾಲೇಜಿಗೆ ಬರೆದುಕೊಡ್ಬೇಕು. ಇವತ್ತು ನಿಮ್ಮನೆ ಊಟ ಮಾಡಿದ್ರೆ… ಅದೂ ಲಂಚಾನೇ ಅಲ್ವಾ?”

ನೆವೆನಾ ಮಂಡಿ ಹಿಡಿದುಕೊಂಡು ನಗತೊಡಗಿದಳು. ಇಷ್ಟು ವರ್ಷ ಕಲಿಸಿದ್ದು ತನ್ನ ಕಡೆಗೇ ತಿರುಗಿ ನಿಂತಿತ್ತು. ಅವಳಿಗೆ ಇನ್ನೇನು ಬೇಕಿತ್ತು?

“ಅಯ್ಯೋ, ಇದು ನನಗೇ ಹೊಳೆದಿರ್ಲಿಲ್ಲ ಕಣೇ! ಹಾಗಾದ್ರೆ ಈಗ್ಲೇ ಬರೀರಿ. ನಾನು ಅಡುಗೆಮನೇಲಿರ್ತೀನಿ. ಬರೆದು, ಲಕೋಟೆ ಅಂಟಿಸಿ, ಆಮೇಲೆ ಊಟ.”

“ಬೈಬಹುದಾ?” ಬೋಯ್ಕೊ ಕೇಳಿದ.

“ಬಾಯ್ತುಂಬಾ ಬೈಯಪ್ಪ. ಮೀನು ಆರೋದ್ರೊಳಗೆ ಮುಗಿಸು ಅಷ್ಟೇ.”

ಲಕೋಟೆ ಅಂಟಿತು. ಎಲ್ಲರೂ ಮುಗಿಬಿದ್ದರು. ಬಾಯಲ್ಲಿ ತುತ್ತಿಟ್ಟುಕೊಂಡೇ ಬೋಯ್ಕೊ ಮುಖ ಹುಳ್ಳಗೆ ಮಾಡಿದ.

“ಮೇಡಂ, ನಾನು ನಿಜವಾಗ್ಲೂ ಬೈದುಬಿಟ್ಟಿದೀನಿ.”

“ಹೌದೇನೋ? ಹಾಗಾದ್ರೆ,” ಎಂದು ನೆವೆನಾ ಅವನ ತಟ್ಟೆಗೆ ಬಡಿಸಿದಳು, “ಇನ್ನೊಂದು ತುಂಡು ಹಾಕ್ಕೋ.”