ಎಂಟನೇ ತರಗತಿಯ ನಲವತ್ತು ನಿಮಿಷ

ಬೆಳಗಿನ ಆರೂವರೆ. ಸಾರಕ್ಕಿ ಸಿಗ್ನಲ್‌ನಲ್ಲಿ ಹಾರ್ನ್‌ಗಳ ಕಾಟ ಇನ್ನೂ ಶುರುವಾಗಿಲ್ಲ. ಮಾರುಕಟ್ಟೆಯ ಸೊಪ್ಪಿನ ಗಾಡಿಗಳಿಗೆ ಮಾತ್ರ ಅವಸರ. ಅಲ್ಲಿಂದ ಎರಡು ತಿರುವು ಒಳಗೆ, ಜೆ.ಪಿ. ನಗರದ ಒಂದು ಖಾಸಗಿ ಶಾಲೆಯ ಮೊದಲ ಮಹಡಿಯಲ್ಲಿ, ನೀಲಗಂಗಮ್ಮ ಸ್ಟೂಲ್ ಹತ್ತಿ ನಿಂತು ಕಪ್ಪುಹಲಗೆಯ ಮೇಲೆ ಕುಂಬಳಬಳ್ಳಿ ಬಿಡಿಸುತ್ತಿದ್ದಾರೆ. ಎಡತುದಿಯಿಂದ ಹೊರಟ ಬಳ್ಳಿ ಆಗಲೇ ಬಲಬದಿಯ ಚೌಕಟ್ಟು ಮುಟ್ಟಿದೆ. ಅಂಗೈ ಅಗಲದ ಖಾಲಿ ಜಾಗ ಕಂಡರೂ ಸಾಕು, ಅಲ್ಲಿಗೊಂದು ಕುಡಿ ಎಳೆದು ಎಲೆ ಕೂರಿಸಿ ಹಸಿರು ತುಂಬುತ್ತಾರೆ.

ನೋಡಿದವರು ಎಂಥ ಶ್ರದ್ಧೆ ಎಂದುಕೊಳ್ಳಬಹುದು. ಶ್ರದ್ಧೆಯ ಜೊತೆಗೆ ಸ್ವಲ್ಪ ಕುತಂತ್ರವೂ ಇದೆ. ಇವತ್ತು ಗುರುವಾರ, ಎಂಟನೇ ತರಗತಿ ಬಿ ವಿಭಾಗಕ್ಕೆ ಮೊದಲ ಪೀರಿಯಡ್ಡೇ ಚಿತ್ರಕಲೆ. ವೇಳಾಪಟ್ಟಿಯಲ್ಲಿ ಹಾಗಂತ ಬರೆದಿದೆ, ಅಷ್ಟೇ. ಪ್ರಾರ್ಥನೆ ಮುಗಿಯುವುದೇ ತಡ, ಗಣಿತದ ಶಿವರಾಮ್ ಸರ್ ಇವರಿಗಿಂತ ಮೊದಲು ತರಗತಿಗೆ ನುಗ್ಗಿ, "ಮೇಡಂ, ಒಂದೇ ಒಂದು ಲೆಕ್ಕ, ಐದೇ ನಿಮಿಷ" ಎನ್ನುತ್ತಾರೆ. ಐದು ನಿಮಿಷ ನಲವತ್ತಾಗುತ್ತದೆ. ಬೆಲ್ ಹೊಡೆಯುತ್ತದೆ.

"ಅವ್ರಿಗೆ ಬಣ್ಣದ ಚಾಕ್‌ಪೀಸ್ ಪುಡಿ ಆಗಲ್ಲ ಸಾರ್, ಸೀನು ಹತ್ಕೊಳ್ಳುತ್ತೆ. ಬೋರ್ಡ್ ತುಂಬಾ ಬಣ್ಣ ಮೆತ್ತಿಟ್ರೆ ಅಳಿಸೋಕೆ ಕೈ ಹಾಕಲ್ಲ" ಎಂದು ಪತ್ರಿಕೆಯಿಂದ ಬಂದ ನನಗೆ ವಿವರಿಸುತ್ತಾ ಸ್ಟೂಲಿನಿಂದ ಇಳಿಯುತ್ತಾರೆ ನೀಲಗಂಗಮ್ಮ. "ಇಪ್ಪತ್ತೆರಡು ವರ್ಷ ಸರ್ವೀಸ್ ಮಾಡಿ ನಾನು ಕಲಿತಿರೋ ವಿದ್ಯೆ ನೋಡಿ ಇದು. ನನ್ನ ಪಾಠ ನಾನು ಮಾಡೋಕೆ ಕಳ್ಳರ ಥರ ಕತ್ತಲಲ್ಲಿ ಬರ್ಬೇಕು."

ಆದರೆ ಈ ಸಲ ಕುಂಬಳಬಳ್ಳಿಯಿಂದ ಕೆಲಸ ಆಗುವಂತಿಲ್ಲ. ಮುಂದಿನ ತಿಂಗಳಿನಿಂದ ಎಂಟನೇ ತರಗತಿಯ ಚಿತ್ರಕಲೆಯನ್ನೇ ತೆಗೆದು ಆ ಪೀರಿಯಡ್ಡನ್ನು ಗಣಿತಕ್ಕೆ ಕೊಡುವ ಮಾತು ನಡೆದಿದೆ. ಶನಿವಾರ ಆಡಳಿತ ಮಂಡಳಿ ಕೂತು ತೀರ್ಮಾನಿಸಲಿದೆ. ಇವರು ಸೇರಿದಾಗ ಪ್ರತಿ ತರಗತಿಗೂ ವಾರಕ್ಕೆರಡು ಪೀರಿಯಡ್ ಇತ್ತು. ಪಬ್ಲಿಕ್ ಪರೀಕ್ಷೆ ಎಂದು ಹತ್ತನೆಯದು ಮೊದಲು ಹೋಯಿತು. ಕೊರೊನಾದಲ್ಲಿ ಮಕ್ಕಳು ಹಿಂದುಳಿದರು ಎಂದು ಒಂಬತ್ತನೆಯದು ಹೋಯಿತು. ಉಳಿದ ತರಗತಿಗಳದ್ದು ಎರಡಿದ್ದದ್ದು ಒಂದಾಯಿತು. ಈಗ ಎಂಟನೆಯದರ ಸರದಿ.

ಐವತ್ತೊಂದು ವರ್ಷದ ನೀಲಗಂಗಮ್ಮ ತಿಪಟೂರಿನವರು. ತಂದೆ ಟೈಲರ್. ಬಟ್ಟೆಗೆ ಗುರುತು ಹಾಕುವ ಚಾಕಿನಲ್ಲಿ ಅಂಗಡಿಯ ನೆಲವನ್ನೆಲ್ಲ ಹಕ್ಕಿ, ಹೂವು ಮಾಡಿಟ್ಟು ಬೈಸಿಕೊಂಡ ಹುಡುಗಿ ಇವರು. ಬೈದ ತಂದೆಯೇ ಮುಂದೆ ದಾವಣಗೆರೆಗೆ ಕಳಿಸಿ ಐದು ವರ್ಷದ ಚಿತ್ರಕಲಾ ಡಿಪ್ಲೊಮಾ ಓದಿಸಿದರು. ಈಗ ಅರೆಕೆರೆಯಲ್ಲಿ ಮನೆ. ಬೆಳಗಿನ ಮೊದಲ ಬಸ್ಸಿಗೆ ಹೊರಟರೆ ಟ್ರಾಫಿಕ್ ಇಲ್ಲದೆ ಶಾಲೆ ತಲುಪುತ್ತಾರೆ.

ಐದರಿಂದ ಎಂಟರವರೆಗೆ ಹನ್ನೊಂದು ವಿಭಾಗ, ನಾನೂರ ಎಂಬತ್ತು ಮಕ್ಕಳು, ಒಬ್ಬರೇ ಡ್ರಾಯಿಂಗ್ ಟೀಚರ್. ಇದು ಕಾಗದದ ಮೇಲಿನ ಕೆಲಸ. ಕಾಗದದ ಮೇಲಿಲ್ಲದ ಕೆಲಸದ ಪಟ್ಟಿ ಇದಕ್ಕಿಂತ ಉದ್ದ. ವಾರ್ಷಿಕೋತ್ಸವಕ್ಕೆ ಮುನ್ನೂರು ಪ್ರಮಾಣಪತ್ರಗಳ ಮೇಲೆ ದುಂಡಗೆ ಹೆಸರು ಬರೆಯಬೇಕು, ಅತಿಥಿ ಬಂದರೆ ಗೇಟಿನಿಂದ ವೇದಿಕೆಯವರೆಗೆ ರಂಗೋಲಿ ಹಾಕಬೇಕು, ರಾಜ್ಯೋತ್ಸವಕ್ಕೆ ಭೂಪಟ ಆಗಬೇಕು, ವಿಜ್ಞಾನದವರ ಚಾರ್ಟಿಗೆ ಹೃದಯ, ಮೂತ್ರಪಿಂಡಗಳನ್ನೂ ಇವರೇ ಬಿಡಿಸಬೇಕು. ಹೋದ ವರ್ಷ ಮುಖ್ಯ ಅತಿಥಿಯ ಹೆಸರನ್ನು ಥರ್ಮಾಕೋಲಿನಲ್ಲಿ ಕತ್ತರಿಸಿ ಅಂಟಿಸಿದ ಮೇಲೆ ಅತಿಥಿ ಬದಲಾದರು. "'ಮೇಡಂ, ಇನ್ನೊಂದು ಸಲ ಕಟ್ ಮಾಡ್ಬಿಡಿ, ನಿಮಗೇನು ಆಟ ಇದ್ದಂಗೆ' ಅಂದ್ರು. ಥರ್ಮಾಕೋಲ್ ಕೊಯ್ಯೋಕೆ ಐದು ವರ್ಷ ಓದ್ಬೇಕಿತ್ತಾ ಸಾರ್ ನಾನು?"

ಎಂಟು ಐವತ್ತಕ್ಕೆ ಮಕ್ಕಳು ಒಳಗೆ ಬರುತ್ತಾರೆ. ಬಾಗಿಲಲ್ಲೊಂದು ಬಿಸ್ಕತ್ತಿನ ಡಬ್ಬ. ಪ್ರತಿಯೊಬ್ಬರೂ ತಮ್ಮ ರಬ್ಬರನ್ನು ಅದರೊಳಗೆ ಹಾಕಿಯೇ ಮುಂದೆ ಹೋಗಬೇಕು. ನೀಲಗಂಗಮ್ಮನ ತರಗತಿಯಲ್ಲಿ ಅಳಿಸುವಂತಿಲ್ಲ. "ಗೀಟು ತಪ್ಪಿದ್ರೆ ಇರ್ಲಿ ಬಿಡು, ಪಕ್ಕದಲ್ಲಿ ಇನ್ನೊಂದು ಎಳಿ" ಎನ್ನುವುದು ಅವರು ದಿನಕ್ಕೆ ಐವತ್ತು ಸಲ ಹೇಳುವ ಮಾತು. ರಬ್ಬರ್ ಕೈಯಲ್ಲಿದ್ದರೆ ಮಕ್ಕಳು ಎದುರಿನ ವಸ್ತು ನೋಡುವುದು ಬಿಟ್ಟು ಕಾಗದವನ್ನೇ ಉಜ್ಜುತ್ತಾ ಕೂರುತ್ತಾರೆ ಎಂಬುದು ಅವರ ಅನುಭವ.

ಎಂಟನೆಯವರಿಗೆ ಈ ತಿಂಗಳು ಕೊಟ್ಟಿರುವ ವಿಷಯ ಮೆಟ್ಟಿಲು. ತಮ್ಮ ಮನೆಯದ್ದೇ ಆಗಬೇಕು. ಒಂದು ವಾರ ದಿನಕ್ಕೆ ಹತ್ತು ನಿಮಿಷ ಅದರ ಮುಂದೆ ಕೂತು, ಕಂಡದ್ದನ್ನಷ್ಟೇ ಬಿಡಿಸಬೇಕು. ಎರಡು ವಿಭಾಗ ಸೇರಿ ತೊಂಬತ್ತೆರಡು ಮಕ್ಕಳು. ಅವರಲ್ಲಿ ಹದಿನಾಲ್ಕು ಮಂದಿ ಮೊದಲ ಸಲ ತಂದದ್ದು ಮೊಬೈಲ್ ನೋಡಿ ಬಿಡಿಸಿದ ಚಿತ್ರ. ಒಂದರಲ್ಲಿ ಹಿಮಾಲಯದಂಥ ಬೆಟ್ಟದ ಮುಂದೆ ಮರದ ಮೆಟ್ಟಿಲಿತ್ತು, ಅದಕ್ಕೆ ಲ್ಯಾಮಿನೇಷನ್ ಬೇರೆ. ಅಂಕ ಯಾಕೆ ಕೊಟ್ಟಿಲ್ಲ ಎಂದು ಆ ಹುಡುಗನ ತಾಯಿ ಜಗಳಕ್ಕೇ ಬಂದರು. "ಮಿಸ್, ಸಖತ್ತಾಗಿ ಮಾಡಿದಾನಲ್ಲಾ?" ಎಂದರೆ ಇವರು, "ಸಖತ್ತಾಗಿದೆ ಮೇಡಂ. ಬಿ.ಟಿ.ಎಂ. ಲೇಔಟಲ್ಲಿ ನಿಮ್ಮ ಮನೆ ಹಿಂದೆ ಹಿಮ ಬೀಳುತ್ತಾ?" ಎಂದು ಕೇಳಿ ಕಳಿಸಿದರು. ದೂರು ಮುಖ್ಯೋಪಾಧ್ಯಾಯಿನಿಯವರೆಗೂ ಹೋಯಿತು.

ಮುಖ್ಯೋಪಾಧ್ಯಾಯಿನಿ ಉಮಾಮಹೇಶ್ವರಿ ಕೆಟ್ಟವರಲ್ಲ. ಪೋಷಕರು ಒಂದು ಕಡೆ ಎಳೆಯುತ್ತಾರೆ, ಮಂಡಳಿ ಇನ್ನೊಂದು ಕಡೆ. "ಶನಿವಾರ ಹಾಲ್‌ನಲ್ಲಿ ಡ್ರಾಯಿಂಗ್ ಎಲ್ಲಾ ತೂಗಾಕಿ. ಸೆಕ್ರೆಟರಿ ಸಾಹೇಬ್ರು ನೋಡ್ಲಿ. ಖುಷಿಯಾದ್ರೆ ಬಿಟ್ರೂ ಬಿಡಬಹುದು" ಎಂದು ದಾರಿ ತೋರಿಸಿದವರೂ ಅವರೇ. ಕಾರ್ಯದರ್ಶಿ ಕೆಂಪರಾಜು ಹಳೆಯ ಸಾರಕ್ಕಿಯವರು. ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರ ಮೂರು ಬಾಡಿಗೆ ಕಟ್ಟಡಗಳಿವೆ. ಚಿತ್ರಕಲೆಯ ವಿಷಯ ಬಂದಾಗಲೆಲ್ಲ ಅವರದು ಒಂದೇ ಪ್ರಶ್ನೆ: "ಇದರಿಂದ ಮಕ್ಕಳಿಗೆ ಏನಮ್ಮ ಉಪಯೋಗ?"

ಶುಕ್ರವಾರ ಸಂಜೆ ನೀಲಗಂಗಮ್ಮ ಹಾಲ್‌ನಲ್ಲಿ ಹಗ್ಗ ಕಟ್ಟಿ ತೊಂಬತ್ತೆರಡು ಮೆಟ್ಟಿಲುಗಳನ್ನು ಬಟ್ಟೆಯ ಕ್ಲಿಪ್ಪಿನಲ್ಲಿ ತೂಗುಹಾಕುತ್ತಾರೆ. ಶನಿವಾರ ಬೆಳಿಗ್ಗೆ ಬಂದು ನೋಡಿದರೆ, ಮೇಘಶ್ರೀ ಎಂಬ ಹುಡುಗಿಯ ಪೆನ್ಸಿಲ್ ಚಿತ್ರದ ನಟ್ಟನಡುವೆ ವೈಟ್ನರ್‌ನ ಬಿಳಿ ಪಟ್ಟೆ! ಉಮಾಮಹೇಶ್ವರಿಯವರೇ ಬಳಿದಿದ್ದಾರೆ.

"ಗೀಟು ಅಡ್ಡಾದಿಡ್ಡಿ ಹೋಗಿತ್ತು ಕಣ್ರೀ, ಅದೂ ಎರಡೆರಡು. ಸಾಹೇಬ್ರು ನೋಡಿದ್ರೆ ಏನಂದ್ಕೋತಾರೆ? ಸ್ವಲ್ಪ ನೀಟಾಗಿರ್ಲಿ ಅಂತ..."

"ನೀಟಾಗಿರ್ಲಿ ಅಂತ ಮಗು ಕಂಡಿದ್ದನ್ನ ಅಳಿಸಿಬಿಡೋದಾ ಮೇಡಂ? ನನ್ನ ಕ್ಲಾಸಲ್ಲಿ ಮಕ್ಕಳಿಗೇ ರಬ್ಬರ್ ಕೊಡಲ್ಲ ನಾನು!"

"ನಿಮ್ಮ ಒಳ್ಳೇದಕ್ಕೇ ಮಾಡಿದ್ದು. ಪೀರಿಯಡ್ ಉಳಿಸ್ಕೋಬೇಕೋ ಬೇಡ್ವೋ?"

ಅಷ್ಟರಲ್ಲಿ ಗೇಟಿನ ಬಳಿ ಕಾರ್ಯದರ್ಶಿಗಳ ಕಾರು ನಿಂತಿದೆ.

ಕೆಂಪರಾಜು ಫೋನಿನಲ್ಲಿ ಮಾತಾಡುತ್ತಲೇ ಒಳಗೆ ಬರುತ್ತಾರೆ. ಮೊದಲ ಸಾಲನ್ನು ಫೋನಿನಲ್ಲೇ ದಾಟುತ್ತಾರೆ, ಎರಡನೆಯದನ್ನು ಗಡಿಯಾರ ನೋಡಿಕೊಂಡು. ಮೂರನೆಯ ಸಾಲಿನಲ್ಲಿ ಆ ಬಿಳಿ ಪಟ್ಟೆ ಕಣ್ಣಿಗೆ ಹೊಡೆಯುತ್ತದೆ. ನಿಲ್ಲುತ್ತಾರೆ.

"ಇದೇನಿದು ಸುಣ್ಣ ಬಳಿದಿದೀರಾ?"

ಮಕ್ಕಳು ತಂತಮ್ಮ ಚಿತ್ರದ ಪಕ್ಕದಲ್ಲೇ ನಿಂತಿದ್ದಾರೆ. ಮೇಘಶ್ರೀ ಉತ್ತರಿಸುತ್ತಾಳೆ. "ಅಲ್ಲಿ ಬಿರುಕಿತ್ತು ಅಂಕಲ್. ಹೆಡ್‌ಮಿಸ್ ಅಳಿಸಿದ್ರು."

ಕೆಂಪರಾಜು ಕನ್ನಡಕ ಏರಿಸಿ ಬಗ್ಗುತ್ತಾರೆ. ನವಿಲಿನ ಗ್ರಿಲ್, ಆರು ಕರೆಂಟ್ ಮೀಟರುಗಳ ಪೆಟ್ಟಿಗೆ, ಮೂಲೆ ಒಡೆದ ಮೂರನೆಯ ಮೆಟ್ಟಿಲು. "ಇದು ನಮ್ಮ ಬಿಲ್ಡಿಂಗ್ ಅಲ್ವೇನಮ್ಮ?"

"ಹೌದು ಅಂಕಲ್. ನಾವು ಸೆಕೆಂಡ್ ಫ್ಲೋರ್."

"ನಾನು ತಿಂಗಳು ತಿಂಗಳು ಬರ್ತೀನಲ್ಲ. ಬಿರುಕೆಲ್ಲಿದೆ ಅಲ್ಲಿ?"

"ಬೀಮ್ ಕೆಳಗೆ ಅಂಕಲ್. ನಾನು ಬಿಡಿಸೋಕೆ ಶುರು ಮಾಡಿದ ದಿನ ಮೀಟರ್ ಬಾಕ್ಸ್ ತನಕ ಇತ್ತು. ಆಮೇಲೆ ನೋಡಿದ್ರೆ ಇನ್ನೂ ಕೆಳಗೆ ಬಂದಿತ್ತು, ದಪ್ಪಾನೂ ಆಗಿತ್ತು. ಮಿಸ್ ಅಳಿಸಬೇಡಿ ಅಂತಾರಲ್ಲ, ಅದಕ್ಕೆ ಪಕ್ಕದಲ್ಲೇ ಇನ್ನೊಂದು ಗೀಟು ಹಾಕ್ದೆ."

ಕೆಂಪರಾಜು ಸಭೆಯನ್ನೂ ಕಾಫಿಯನ್ನೂ ಬಿಟ್ಟು ನೇರ ಕಾರು ಹತ್ತುತ್ತಾರೆ. ಪಕ್ಕದ ಸೈಟಿನವರು ನೆಲಮಾಳಿಗೆಗೆಂದು ಆಳಕ್ಕೆ ಅಗೆದದ್ದರಿಂದ ಕಟ್ಟಡದ ಒಂದು ಮೂಲೆ ಕುಸಿಯುತ್ತಿದೆ ಎಂದು ಮಧ್ಯಾಹ್ನ ಎಂಜಿನಿಯರ್ ಹೇಳುತ್ತಾರೆ. ಸಂಜೆಯೊಳಗೆ ಮೆಟ್ಟಿಲ ಕೆಳಗೆ ಕಬ್ಬಿಣದ ಕಂಬಗಳು ಬಂದು ನಿಲ್ಲುತ್ತವೆ. ಆರೂ ಮನೆಯವರನ್ನು ಕೆಂಪರಾಜು ರಿಪೇರಿ ಮುಗಿಯುವ ತನಕ ತಮ್ಮ ಬೇರೆ ಕಟ್ಟಡಗಳಿಗೆ ಸಾಗಿಸುತ್ತಾರೆ. ಯಾರಿಗೂ ಏನೂ ಆಗಿಲ್ಲ.

ಸೋಮವಾರ ಮಂಡಳಿಯ ತೀರ್ಮಾನ ಬರುತ್ತದೆ. ಪೀರಿಯಡ್ ಉಳಿದಿದೆ. ಶಿವರಾಮ್ ಸರ್ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಮೈಸೂರು ಪಾಕ್ ಹಂಚಿ, "ಇನ್ನು ನಿಮ್ಮ ತಂಟೆಗೆ ಯಾರೂ ಬರಲ್ಲ ಬಿಡಿ ಮೇಡಂ, ನಾನೂ ಬರಲ್ಲ" ಎಂದು ಮಾತು ಕೊಡುತ್ತಾರೆ. ಉಮಾಮಹೇಶ್ವರಿ ಮೇಘಶ್ರೀಯನ್ನು ಕರೆದು ತಪ್ಪಾಯಿತು ಎಂದಿದ್ದಾರೆ, ಅದು ದೊಡ್ಡ ಮಾತೇ. ಎಲ್ಲರಿಗೂ ಸಂತೋಷ. ನೀಲಗಂಗಮ್ಮನ ಮುಖ ಮಾತ್ರ ಇನ್ನೂ ಗಂಟು.

ಕಾರಣ, ಬ್ಯಾಗಿನಲ್ಲಿ ನಾಲ್ಕಾಗಿ ಮಡಿಸಿಟ್ಟಿರುವ ಠರಾವಿನ ಪ್ರತಿ. ತೆಗೆದು ಓದುತ್ತಾರೆ: "ಕಟ್ಟಡಗಳ ಸುರಕ್ಷತೆಗೆ ಉಪಯುಕ್ತವಾಗಿರುವುದರಿಂದ ಎಂಟನೇ ತರಗತಿಯ ಚಿತ್ರಕಲೆಯನ್ನು ಮುಂದುವರಿಸುವುದು." ಅದರ ಕೆಳಗೊಂದು ಸೂಚನೆ. ಬರುವ ತಿಂಗಳು ಮಕ್ಕಳಿಂದ ಶಾಲೆಯ ಕಾಂಪೌಂಡಿನ ಚಿತ್ರ ಬಿಡಿಸಿ, ಎಲ್ಲೆಲ್ಲಿ ಬಿರುಕಿದೆ ಎಂದು ವರದಿ ಕೊಡಬೇಕಂತೆ.

"ಏನ್ ಹೇಳೋಣ ಹೇಳಿ ಇವರಿಗೆ?" ಎಂದು ಹಣೆ ಹಣೆ ಚಚ್ಚಿಕೊಳ್ಳುತ್ತಾರೆ. "ಆ ಮಗು ಬಿರುಕು ಹುಡುಕೋಕೆ ಕೂತಿರ್ಲಿಲ್ಲ ಸಾರ್. ಮೆಟ್ಟಿಲು ನೋಡ್ತಾ ಕೂತಿತ್ತು. ನೋಡೋಕೆ ಕಲಿತೋರಿಗೆ ಬಿರುಕೂ ಕಾಣುತ್ತೆ, ಅದು ಬೇರೆ ವಿಷ್ಯ. ಆರು ಮನೆಯೋರು ಉಳಿದ್ರಲ್ಲ, ಅದಕ್ಕೆ ದೇವರಿಗೆ ಕೈ ಮುಗೀತೀನಿ. ಆದ್ರೆ ಬಿರುಕಿಲ್ಲದ ತೊಂಬತ್ತೊಂದು ಚಿತ್ರ ಇತ್ತಲ್ಲಾ, ಅದರ ಗತಿ ಏನು?"

ಆ ತೊಂಬತ್ತೊಂದನ್ನೂ ಅವರು ಕಟ್ಟಿ ಬೀರುವಿನಲ್ಲಿಟ್ಟಿದ್ದಾರೆ. ಬಿಚ್ಚಿ ಒಂದೊಂದಾಗಿ ಮೇಜಿನ ಮೇಲೆ ಹರಡುತ್ತಾರೆ. ಒಂದರಲ್ಲಿ ಅಜ್ಜಿ ಕೂತು ಅವರೆಕಾಯಿ ಸುಲಿಯುವ ಮೆಟ್ಟಿಲು, ಸಿಪ್ಪೆಯ ರಾಶಿ ಸಮೇತ. ಇನ್ನೊಂದರಲ್ಲಿ ಮಂಡಿನೋವಿನ ಅಪ್ಪ ಹಿಡಿದು ಹಿಡಿದು ಬಣ್ಣ ಹೋದ ಕಂಬಿ. ಮಗದೊಂದರಲ್ಲಿ ಒಂಬತ್ತು ಜೊತೆ ಚಪ್ಪಲಿ. ಎಲ್ಲದರ ಹಿಮ್ಮಡಿಯೂ ಸವೆದಿದೆ, ಒಂದೊಂದೂ ಒಂದೊಂದು ಕಡೆ. ಬೆಲ್ ಹೊಡೆದರೂ ನೀಲಗಂಗಮ್ಮ ಏಳುವುದಿಲ್ಲ.

"ಮುಂದಿನ ಸಲ ಯಾರ ಮನೆ ಗೋಡೇನೂ ಬಿರುಕು ಬಿಡದೆ ಇರ್ಲಿ" ಎನ್ನುತ್ತಾರೆ, ಚಪ್ಪಲಿಗಳ ಚಿತ್ರವನ್ನು ಮೇಲಕ್ಕಿಡುತ್ತಾ. "ಆದ್ರೂ ಸಾಹೇಬ್ರು ಬಂದು, ಫೋನ್ ಜೇಬಲ್ಲಿಟ್ಟು, ಇದರ ಮುಂದೆ ಎರಡು ನಿಮಿಷ ನಿಲ್ಲಲಿ. ನನಗೆ ಅಷ್ಟು ಸಾಕು."