ಗುರುವಾರದ ಗುಡ್ಡೆ

ಎಗ್ಮೋರ್ ಸ್ಟೇಷನ್ನಿನ ಎದುರು ನನ್ನ ಚಿಕ್ಕಪ್ಪನ ಸಸ್ಯಾಹಾರಿ ಹೋಟೆಲಿದೆ. ಎದುರು ಎಂದರೆ ಎದುರೇ ಅಲ್ಲ, ಎರಡು ಬೀದಿ ಆಚೆ; ನನ್ನ ನೆನಪು ಎಲ್ಲವನ್ನೂ ಸ್ವಲ್ಪ ಹತ್ತಿರಕ್ಕೆ ಎಳೆದುಕೊಳ್ಳುತ್ತದೆ. ಸಂಜೆಯ ಗೋಳಿಬಜೆ ನಿಲ್ಲಿಸಿ, ಅದೇ ಬಾಣಲೆಯಲ್ಲಿ ಗೋಬಿ ಸಿಕ್ಸ್ಟಿಫೈವ್ ಕರಿಸಬೇಕೆಂದು ಚಿಕ್ಕಪ್ಪ ಹೊರಟಿದ್ದರು. ಅಡುಗೆ ಭಟ್ಟರು, ಬಜೆ ಹೋದರೆ ತಾನೂ ಊರಿಗೆ ಹೋಗುವೆನೆಂದು ಚೀಲ ಕಟ್ಟಿಟ್ಟಿದ್ದರು.

ನಾನು ಸಂಖ್ಯಾಶಾಸ್ತ್ರ ಓದಿದವನು, ಗಿಂಡಿಯ ಆಫೀಸೊಂದರಲ್ಲಿ ಬ್ರೌಸರಿನೊಳಗೆ ಅಂಕಿಅಂಶಗಳ ನಕ್ಷೆ ಬರೆಯುವ ಕೋಡ್ ಕುಟ್ಟುವವನು. ತೀರ್ಪು ಹೇಳುವ ಹೊಣೆ ನನ್ನ ತಲೆಗೆ ಬಂತು. ಒಂದು ತಿಂಗಳ ಬಜೆ ಟೋಕನ್‌ಗಳನ್ನು ವಾರದ ದಿನಗಳಿಗೆ ಹಂಚಿ ಗೆರೆ ಎಳೆಸಿದೆ. ಸೋಮವಾರದಿಂದ ಭಾನುವಾರದವರೆಗೆ ಗೆರೆ ಅಂಗಾತ ಮಲಗಿತ್ತು. ನೋಡಲು ಬೇಸರ. ಅದಕ್ಕೆ ವ್ಯಂಗ್ಯಚಿತ್ರದ ವೇಷ ಹಾಕಿದೆ: ಸೊಟ್ಟ ಅಕ್ಷರ, ಕೈ ನಡುಗಿದಂಥ ಗೆರೆ. ಕೋಡ್ ಪ್ರತಿ ಬಿಂದುವನ್ನೂ ಮನಬಂದಂತೆ ಅತ್ತಿತ್ತ ತಳ್ಳುವುದರಿಂದ ಆ ನಡುಕ ಬರುತ್ತದೆ. ಪುಟ ಮತ್ತೆ ತೆರೆದರೆ ಬೇರೆಯೇ ನಡುಕ. ಚೆಂದ ಕಾಣಲೆಂದು ಅದನ್ನು ತುಸು ಹೆಚ್ಚೇ ಇಟ್ಟಿದ್ದೆ.

ಚಿಕ್ಕಪ್ಪ ಲ್ಯಾಪ್‌ಟಾಪಿಗೆ ಮೂಗು ತಾಗಿಸಿ ನೋಡಿದರು. ನೀಟಾದ ನಕ್ಷೆ ಕಂಡರೆ ಅವರಿಗೆ ಅನುಮಾನ. ಇದನ್ನು ಮಾತ್ರ ನಾನು ಕೂತು ಕೈಯಲ್ಲೇ ಬರೆದೆನೆಂದು ನಂಬಿದರು.

"ಗುರುವಾರ ಗುಡ್ಡೆ ಉಂಟಲ್ಲ ಮಾರಾಯ?"

ಇತ್ತು. ಬಜೆ ತಿಂದವರು ಎಬ್ಬಿಸಿದ್ದಲ್ಲ, ನನ್ನ ಕೋಡ್ ಎಬ್ಬಿಸಿದ್ದು. ಒಂದು ಗುಂಡಿ ಒತ್ತಿದರೆ ಮಾಯ. ಅಡುಗೆಮನೆಯ ಬಾಗಿಲಲ್ಲಿ ಭಟ್ಟರು ಬಜೆ ಎತ್ತುವ ಜಾರೆ ಹಿಡಿದು ನಿಂತಿದ್ದರು. ಪುರಾವೆಯಿಲ್ಲದೆ ಏನನ್ನೂ ಒಪ್ಪಬಾರದೆಂದು ಐದು ವರ್ಷ ಕಲಿತ ನಾನು, "ಉಂಟು" ಎಂದೆ.

"ಸೆರಿ ಪಾ," ಎಂದು ಚಿಕ್ಕಪ್ಪ ತಮಿಳಿನಲ್ಲೇ ಒಪ್ಪಿದರು. "ಗುರುವಾರ ಒಂದು ದಿನ ಬಜೆ ಇರಲಿ."

ಭಟ್ಟರು ಚೀಲ ಬಿಚ್ಚಿದರು. ಉಳಿದ ಆರು ದಿನ ಸಾಂಬಾರು ಕುದಿಸುತ್ತಾ, ಗೋಬಿಯ ಕಡೆ ಕಣ್ಣೆತ್ತದೆ ಕಳೆಯುತ್ತಾರೆ. ವಾರಕ್ಕೊಂದೇ ದಿನ ಸಿಗುವ ವಸ್ತು ನೋಡಿ, ಈಗ ಗುರುವಾರ ನಾಲ್ಕಕ್ಕೇ ಜನ ಸಾಲು ನಿಲ್ಲುತ್ತಾರೆ. ಅಂದೂ ಗುಡ್ಡೆ ನಿಜವಾಗಿ ಇತ್ತೇನೋ ಎಂದು ನನಗೇ ಅನಿಸತೊಡಗಿತು. ತಡೆಯಲಾರದೆ ಹಳೆಯ ಅಂಕಿಗಳನ್ನು ಅದೇ ಕೋಡಿನಲ್ಲಿ ಮತ್ತೆ ಮತ್ತೆ ಓಡಿಸಿದೆ. ಒಮ್ಮೆ ಬುಧವಾರ ಉಬ್ಬಿತು, ಒಮ್ಮೆ ಶನಿವಾರ. ಗುರುವಾರ ಏಳಲೇ ಇಲ್ಲ.

ಭಟ್ಟರ ಮುಂದೆ ತಪ್ಪೊಪ್ಪಿಕೊಂಡೆ. ಅವರು ಬಿಸಿ ಬಜೆಯ ತಟ್ಟೆ ನನ್ನತ್ತ ತಳ್ಳಿ ಸ್ವರ ತಗ್ಗಿಸಿದರು.

"ಸೋಮವಾರಕ್ಕೂ ಒಂದು ಗುಡ್ಡೆ ಎಬ್ಬಿಸಿ ಮಾರಾಯ್ರೆ. ನಿಮ್ಮ ಕೈಯಲ್ಲೇ ಉಂಟಲ್ಲ."

ಎಣ್ಣೆಗೈ ಒರೆಸಿಕೊಂಡು ಲ್ಯಾಪ್‌ಟಾಪ್ ತೆರೆದೆ. ಪುಟವನ್ನು ಮತ್ತೆ ಮತ್ತೆ ತೆರೆಯುತ್ತ ಹೋದೆ; ಒಂಬತ್ತನೆಯ ಸಲಕ್ಕೋ ಹತ್ತನೆಯದಕ್ಕೋ, ಸೋಮವಾರ ಎದ್ದಿತು. ಚಿಕ್ಕಪ್ಪನನ್ನು ಕೂಗಿದೆ.